ಇರುವೆಯ ವಿಚಾರಣೆ

ತಾಳಿ ಕಟ್ಟುವ ಹೊತ್ತಿಗೆ ಸರಿಯಾಗಿ
ಮದುಮಗಳ ಹಣೆಯ ಮೇಲೊಂದು ಹಸಿರು ಚೌಕ ಮೂಡಿತು.
ಒಂದು, ಆಮೇಲೆ ಹತ್ತು, ಆಮೇಲೆ
ಕುಂಸಿಯ ಹಾಲೇಶಪ್ಪನವರ ಇಡೀ ಬಳಗ
ಕೊತ್ತಂಬರಿ ಉದುರಿಸಿದ ಉಪ್ಪಿಟ್ಟಿನ ಹಾಗೆ ಕೂತಿತ್ತು.

ಕ್ಯಾಮೆರಾದ ತಪ್ಪಲ್ಲ. ಕೇಬಲ್ಲಿನ ತಪ್ಪಲ್ಲ.
ಡಬ್ಬ ಬಿಚ್ಚಿ, ಗ್ರಾಫಿಕ್ಸ್ ಕಾರ್ಡು ಹೊರಗೆಳೆದು
ದುಪಟ್ಟಾದ ಅಂಚಿನಲ್ಲಿ ಒರೆಸಿ ಮತ್ತೆ ಕೂರಿಸಿದೆ,
ಜ್ವರ ಬಿಡದ ಮಗುವನ್ನು ಶಾಲೆಗೆ ಕಳಿಸಿದಂತೆ.
ಅರ್ಧ ಗಂಟೆಗೆ ವಾಪಸು.

ದುರ್ಗಿಗುಡಿ, ಎರಡನೇ ಮಹಡಿ.
ಕೆಳಗೆ ಮಿಠಾಯಿ ಅಂಗಡಿ, ಮೇಲೆ ನಾನು:
ಮದುವೆ, ಮುಂಜಿ, ನಿಕಾಹ್, ಗೃಹಪ್ರವೇಶ
ಎಲ್ಲವನ್ನೂ ಕತ್ತರಿಸಿ ಜೋಡಿಸುವವಳು.
ಮೂರು ವರ್ಷದ ವಾರಂಟಿಯಲ್ಲಿ ಉಳಿದದ್ದು ಹನ್ನೊಂದು ದಿನ.
ಬಿಲ್ಲು ಸಿಕ್ಕಿತು, ಅಕ್ಷರ ಸಿಗಲಿಲ್ಲ;
ಕಾಗದ ಬೋಳು ತಲೆಯ ಹಾಗೆ ಬೆಳ್ಳಗೆ ಹೊಳೆಯಿತು.
ಪುಣ್ಯಕ್ಕೆ ಹಳೇ ಮೊಬೈಲಿನ ಹೊಟ್ಟೆಯಲ್ಲಿ ಅದರ ಫೋಟೋ,
ಪಕ್ಕದಲ್ಲಿ ನನ್ನ ಹೆಬ್ಬೆರಳು, ಅರ್ಧ ಸಮೋಸ.

"ಒಡೆಯೋ ಸಾಮಾನಾ?" ಕೇಳಿದ ಕೊರಿಯರಿನವ.
"ಒಡೆದದ್ದೇ," ಅಂದೆ. ಚೆನ್ನೈಗೆ ಹೋಯಿತು.

ಆಮೇಲೆ ಹಳೇ ಯಂತ್ರ.
ಒಂದು ಹಾಡು ಬೇಯಲು ನಾಲ್ಕು ತಾಸು.
ಮದುವೆಯ ವಿಡಿಯೋ ಕೈಗೆ ಸೇರುವ ಮೊದಲೇ
ಸೀಮಂತಕ್ಕೆ ಮುಂಗಡ ಕೊಟ್ಟು ಹೋದರು ಹಾಲೇಶಪ್ಪ,
ಒಂದಿಷ್ಟೂ ನಗದೆ.

ಇಪ್ಪತ್ತಮೂರನೆಯ ದಿನ ಉತ್ತರ ಬಂತು, ಒಂದು ಚಿತ್ರ:
ಫ್ಯಾನಿನ ಕೆಳಗೆ, ತಾಮ್ರದ ಓಣಿಗಳ ನಡುವೆ
ಸತ್ತ ಇರುವೆ. ಒಂದೇ ಒಂದು.
ಸುತ್ತ ಕೆಂಪು ವೃತ್ತ, ಸಂತೆಯ ಫೋಟೋದಲ್ಲಿ ಕಳ್ಳನ ತಲೆಗೆ ಎಳೆದ ಹಾಗೆ.
ಕಲಂ ಒಂಬತ್ತು: ಕೀಟ, ಹಲ್ಲಿ, ಇಲಿಗಳಿಂದಾದ ಹಾನಿಗೆ
ಕಂಪನಿ ಹೊಣೆಯಲ್ಲ.

ನನ್ನ ಕರೆ ಅವರಿಗೆ ಬಹಳ ಮುಖ್ಯವೆಂದು
ನಲವತ್ತು ನಿಮಿಷ ಕೊಳಲು ಊದಿ ಹೇಳಿದರು.
ಕೊನೆಗೆ ಒಬ್ಬಳು, ಜೆಸಿಂತಾ.

"ಮೇಡಂ, ನಮ್ಮ ಕಡೆ ಇರುವೆ ಅಂದ್ರೆ ಚಗಳಿ.
ಕೆಂಪಗಿರುತ್ತೆ, ಮುಟ್ಟಿದ್ರೆ ಕಚ್ಚುತ್ತೆ, ಅರೆದ್ರೆ ಚಟ್ನಿ ಆಗುತ್ತೆ.
ಇದು ಕರೀದು, ಬಡಕಲು, ಪಾಪದ್ದು.
ನಿಮ್ಮ ಮೇಜಿನ ಮೇಲೆ ಯಾರದೋ ಟಿಫನ್ನಿಗೆ ಬಂದದ್ದಿರಬೇಕು."

ಸುಳ್ಳು ಹೇಳುತ್ತಿದ್ದೆ.
ಕೆಳಗಿನ ಪಾಕದ ಕಡಾಯಿಯಿಂದ ನನ್ನ ಕಿಟಕಿಯವರೆಗೆ
ಅವುಗಳದ್ದು ತಲೆತಲಾಂತರದ ಹೆದ್ದಾರಿ.
ಇದೂ ಹಾಗೇ ಹೊರಟದ್ದು, ದಾರಿ ತಪ್ಪಿ,
ಬೆಚ್ಚಗಿದೆಯೆಂದು ಒಳಗೆ ಕೂತಿರಬೇಕು,
ಮೇಲೆ ಯಾರದೋ ಮದುವೆ ಉರಿಯುತ್ತಿರುವಾಗ.

ಆ ಕಡೆ ಮೌನ. ಕೀಲಿಮಣೆಯ ಟಿಕ್ ಟಿಕ್.
ಆಮೇಲೆ ದನಿ ತಗ್ಗಿಸಿ, ಕರಾವಳಿಯ ಕನ್ನಡದಲ್ಲಿ:
"ಫರ್ಹತ್ ಅವರೇ, ಧೂಳು ಅಂತ ಬರೀತೇನೆ, ಆಯ್ತಾ?
ಧೂಳಿಗೆ ಕಲಂ ಇಲ್ಲ."

ಆರು ಕಾಲು, ಎರಡು ಮೀಸೆ, ಎಳೆಯಷ್ಟು ನಡು,
ಟಿಕೇಟಿಲ್ಲದೆ ಚೆನ್ನೈ ಮುಟ್ಟಿದ ಜೀವ
ಒಂದು ಪದಕ್ಕೆ ಧೂಳಾಯಿತು.
ಹೂಂ ಅಂದೆ. ಅವಳ ಮಾತು ಮುಗಿಯುವ ಮುಂಚೆಯೇ ಅಂದೆ.

ಬಂದದ್ದು ನನ್ನ ಕಾರ್ಡಲ್ಲ. ನಂಬರು ಬೇರೆ.
ಇನ್ಯಾರದೋ ಊರಲ್ಲಿ ಕೆಟ್ಟು, ರಿಪೇರಿಯಾಗಿ,
ಈಗ ನನ್ನ ಪಾಲಿಗೆ, ತೊಂಬತ್ತು ದಿನದ ಭರವಸೆಗೆ.
ಕೂರಿಸಿದೆ. ಹಸಿರು ಇಳಿಯಿತು.
ಮದುಮಗಳ ಹಣೆ, ಬೆವರು, ಜಾರಿದ ಬಾಸಿಂಗ,
ಗಲ್ಲದ ಮೇಲೆ ಒಂದು ಮೊಡವೆ, ಎಲ್ಲ ಬಂದವು.
ಮೊಡವೆ ಅಳಿಸಿದೆ. ಅದು ನನ್ನ ಕೆಲಸ.

ಸಂಜೆ ಲಕ್ಷ್ಮಣರೇಖೆಯ ಕಡ್ಡಿ ತಂದು
ಡಬ್ಬದ ಸುತ್ತ ಬೆಳ್ಳಗೆ ಗೆರೆ ಎಳೆದೆ.
ಇನ್ನೂ ಕೈ ತೊಳೆದಿಲ್ಲ,
ಒಂದು ಬಂತು, ಕರೀದು, ಬಡಕಲು.
ಗೆರೆಯೆದುರು ನಿಂತು ಮೀಸೆ ಆಡಿಸಿತು.
ಹಿಂದೆ ಹೋಗಲಿಲ್ಲ.
ಅದರ ಉದ್ದಕ್ಕೂ ನಿಧಾನ ನಡೆಯತೊಡಗಿತು
ಒಂದೊಂದೇ ಕಲಂ ಓದುವವರ ಹಾಗೆ.